ಹಗೇವಿನ ಜೋಳ ಏಕೆ ಕೆಡುತ್ತಿರಲಿಲ್ಲ? ಆಪತ್ತಿಗೆಂದು ಆಹಾರ ಕೂಡಿಡುವ ಲೆಕ್ಕ

ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಎಂಬತ್ತು ದಾಟಿದವರನ್ನು ಮಾತಿಗೆ ಎಳೆದರೆ ಒಂದು ಮಾತು ಬಂದೇ ಬರುತ್ತದೆ: ‘ನಮ್ಮ ಕಾಲಕ್ಕ ಹಗೇದಾಗಿನ ಜೋಳಕ್ಕ ನುಸಿ ಹತ್ತತಿದ್ದಿಲ್ಲ. ಈಗಿನ ಕಾಳು ಆರು ತಿಂಗಳಿಗೇ ಪುಡಿ ಆಗ್ತಾವ.’ ಅದರ ಬೆನ್ನಿಗೇ ಕಾರಣವೂ ಬರುತ್ತದೆ: ಸರಕಾರಿ ಗೊಬ್ಬರ, ಹೈಬ್ರಿಡ್ ಬೀಜ, ಮಣ್ಣಿನ ಸತ್ವ ಹೋಯಿತು, ಕಾಲ ಕೆಟ್ಟಿತು.

ಮಾತು ನಿಜ. ಕಾರಣ ಮಾತ್ರ ಅರ್ಧಂಬರ್ಧ. ಹಗೇವಿನ ಜೋಳ ಏಕೆ ಉಳಿಯುತ್ತಿತ್ತು ಎನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ, ನೆರೆಗೋ ಬಂದ್‌ಗೋ 2020ರಂಥ ಲಾಕ್‌ಡೌನ್‌ಗೋ ಮನೆಯಲ್ಲಿ ಏನನ್ನು ಕೂಡಿಡಬೇಕು, ಏನನ್ನು ಕೂಡದು ಎಂಬುದೂ ತಿಳಿಯುತ್ತದೆ. ತಪ್ಪು ತಿಳಿದುಕೊಂಡರೆ ಜೀವಕ್ಕೇ ಸಂಚಕಾರ. ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಅಲ್ಲ. ಮುಂದೆ ನೋಡೋಣ.

ನೆಲದೊಳಗಿನ ಉಸಿರಾಟ

ಹಗೇವು, ಹಗೆ, ಹಗೆವು ಎಂದೆಲ್ಲ ಕರೆಯುವ ಈ ರಚನೆ ಧಾನ್ಯ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ, ಥೇಟ್ ಹೂತಿಟ್ಟ ಗಡಿಗೆಯ ಹಾಗೆ. ಕೆಲವಕ್ಕೆ ಕಲ್ಲಿನ ಗೋಡೆ, ಕೆಲವಕ್ಕೆ ಗಟ್ಟಿ ಮಣ್ಣೇ ಗೋಡೆ. ಒಳಮೈಗೆ ಒಣಗಿದ ಜೋಳದ ಕಣಿಕೆ ಅಥವಾ ಹೊಟ್ಟನ್ನು ಒತ್ತಾಗಿ ಹಾಕಿ, ಕಾಳು ಸುರಿದು, ಮೇಲೆ ಕಲ್ಲುಚಪ್ಪಡಿ ಮುಚ್ಚಿ, ಸಂದು ಉಳಿಯದ ಹಾಗೆ ಮಣ್ಣು ಮೆತ್ತುತ್ತಿದ್ದರು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆಯ ಕಡೆಗಳಲ್ಲಿ ಇದು ಮನೆಮಾತು. ಗಡಿಯಾಚೆಯ ಮರಾಠಿಯಲ್ಲಿ ಇದೇ ‘ಪೇವ್’.

ಇದು ಹಟಕ್ಕೆ ಹುಟ್ಟಿದ ಪದ್ಧತಿಯಲ್ಲ. ಈ ಸೀಮೆ ಬರ ಕಂಡ ಸೀಮೆ. 1876ರಿಂದ 1878ರವರೆಗಿನ ಮಹಾಬರದಲ್ಲಿ ಅಂದಿನ ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ನಲುಗಿದವು. ಒಂದು ವರ್ಷ ಮಳೆ ಕೈಕೊಟ್ಟರೆ ಹಿಂದಿನ ವರ್ಷದ ಕಾಳೇ ಗತಿ. ಆ ಬರದ ಅನಂತರ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಬರಪೀಡಿತ ಸೀಮೆಗೆ ಧಾನ್ಯ ಸಾಗಿಸುವುದು ಅದರ ಹಿಂದಿನ ಉದ್ದೇಶಗಳಲ್ಲೊಂದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಅದೇ ಕಥೆಯ ಮುಂದಿನ ಅಧ್ಯಾಯ. ರೈಲು ಬಂತು, ಆಮೇಲೆ ಪಡಿತರ ಅಂಗಡಿ ಬಂತು, ಹಗೇವು ನಿಧಾನವಾಗಿ ಬರಿದಾಯಿತು.

ಇನ್ನು ವಿಜ್ಞಾನ. ಕಾಳು ಸತ್ತ ವಸ್ತುವಲ್ಲ. ಅದು ಬಹಳ ನಿಧಾನವಾಗಿ ಉಸಿರಾಡುತ್ತಿರುತ್ತದೆ. ಅದರ ಜೊತೆ ಒಳಸೇರಿದ ಹುಳುಗಳೂ ಬೂಸ್ಟಿನ ಬೀಜಕಗಳೂ ಉಸಿರಾಡುತ್ತವೆ. ಬಾಯಿ ಮುಚ್ಚಿದ ಗುಂಡಿಯಲ್ಲಿ ಹೊಸ ಗಾಳಿ ಬರುವುದಿಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು. ಒಳಗೆ ಅದು ದಿನದಿಂದ ದಿನಕ್ಕೆ ಇಳಿಯುತ್ತ, ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಆಮ್ಲಜನಕ ಶೇ 3ಕ್ಕಿಂತ ಕೆಳಗಿಳಿದು ಕೆಲವು ವಾರ ಹಾಗೇ ನಿಂತರೆ ನುಸಿ ಸಾಯುತ್ತದೆ. ತಮಾಷೆ ನೋಡಿ: ಹುಳ ತನ್ನ ಉಸಿರಿನಿಂದಲೇ ತನ್ನ ಗೋರಿ ತೋಡಿಕೊಳ್ಳುತ್ತದೆ. ಬೇವಿನ ಎಲೆಯಾಗಲಿ, ಮಂತ್ರವಾಗಲಿ, ಔಷಧಿಯಾಗಲಿ ಇಲ್ಲಿ ಬೇಕಿಲ್ಲ.

ಆದರೆ ಇದಕ್ಕೆ ಒಂದು ಷರತ್ತು. ಕಾಳು ಒಣಗಿರಬೇಕು. ಜೋಳದ ತೇವಾಂಶ ಶೇ 12ರ ಆಸುಪಾಸಿನಲ್ಲಿದ್ದರೆ ಬೂಸ್ಟು ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ. ಬಿಳಿಜೋಳ, ಅಂದರೆ ಮಾಲದಂಡಿಯಂಥ ಹಿಂಗಾರಿ ಜೋಳ, ಕೊಯ್ಲಿಗೆ ಬರುವುದೇ ಫೆಬ್ರುವರಿ–ಮಾರ್ಚ್‌ನಲ್ಲಿ. ಎರಿಭೂಮಿ ಬಿರುಕು ಬಿಟ್ಟಿರುತ್ತದೆ, ಬಿಸಿಲು ಸುಡುತ್ತಿರುತ್ತದೆ. ಕಣದಲ್ಲಿ ಬಿದ್ದ ಕಾಳು ತಾನಾಗಿಯೇ ಗಟಗಟ ಒಣಗಿ ಹಗೇವಿಗೆ ಇಳಿಯುತ್ತಿತ್ತು.

ಹೈಬ್ರಿಡ್ ಬಗೆಗಿನ ದೂರಿನಲ್ಲಿ ನಿಜ ಇರುವುದು ಇಲ್ಲಿ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ, ಸಿಎಸ್‌ಎಚ್-1, ಬಿಡುಗಡೆಯಾಯಿತು. ಮುಂಗಾರಿನಲ್ಲಿ ಬಿತ್ತುವ ಇಂಥ ಅಲ್ಪಾವಧಿ ತಳಿಗಳ ತೆನೆ ಹಾಲು ತುಂಬಿ ಬಲಿಯುವ ಹೊತ್ತಿಗೆ ಮಳೆ ಇನ್ನೂ ಮುಗಿದಿರುವುದಿಲ್ಲ. ತೆನೆಯಲ್ಲೇ ಕಾಳು ಕಪ್ಪಾಗುತ್ತದೆ. ಅಂದರೆ ಕೆಡುವುದಕ್ಕೆ ಕಾರಣ ‘ಸತ್ವ ಇಲ್ಲದ್ದು’ ಅಲ್ಲ, ಕ್ಯಾಲೆಂಡರ್. ಜೊತೆಗೆ, ನಾವೀಗ ಕಾಳನ್ನು ಇಡುವುದು ಗೋಣಿಚೀಲದಲ್ಲಿ. ಗೋಣಿಗೆ ಗಾಳಿ ಆಡುತ್ತದೆ, ಮಳೆಗಾಲದ ತೇವವೂ ಆಡುತ್ತದೆ. ಶೇ 12ರಲ್ಲಿದ್ದ ಕಾಳು ಶ್ರಾವಣದ ಹೊತ್ತಿಗೆ ಶೇ 14, 15ಕ್ಕೆ ಏರಬಲ್ಲದು. ಮಾಲದಂಡಿಯನ್ನೇ ಗೋಣಿಯಲ್ಲಿಟ್ಟರೂ ನುಸಿ ಹತ್ತುತ್ತದೆ.

ಹಗೇವೂ ಪರಿಪೂರ್ಣವೇನಲ್ಲ. ಗೋಡೆಗೆ ತಾಗಿದ ಕಾಳು ಮುಗ್ಗುತ್ತಿತ್ತು, ಅದನ್ನು ಬೇರೆ ಮಾಡುತ್ತಿದ್ದರು. ಬಿತ್ತುವ ಬೀಜವನ್ನು ಅದರಲ್ಲಿ ಇಡದೆ ಬೂದಿ ಬೆರೆಸಿ ಗಡಿಗೆಯಲ್ಲೋ ಬುಟ್ಟಿಯಲ್ಲೋ ಬೇರೆ ಇಡುವ ರೂಢಿಯಿತ್ತು. ಕಾಲುವೆ ನೀರಾವರಿ ಬಂದು ಅಂತರ್ಜಲ ಮೇಲೇರಿದ ಜಾಗಗಳಲ್ಲಂತೂ ನೆಲದೊಳಗೆ ಕಾಳಿಡುವ ಮಾತೇ ಇಲ್ಲ.

ದೀಪ ಆರಿದರೆ ಇಳಿಯಬೇಡ

ಹುಳವನ್ನು ಕೊಂದ ಗಾಳಿಯೇ ಮನುಷ್ಯನನ್ನೂ ಕೊಲ್ಲುತ್ತದೆ. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಇಳಿದವರು ಒಳಗೇ ಕುಸಿಯುವುದು, ಅವರನ್ನು ಎತ್ತಲು ಇಳಿದವರೂ ಕುಸಿಯುವುದು, ಇಂಥ ಗುಂಡಿಗಳ ಹಳೆಯ ಅಪಾಯ. ‘ಹಗೇವಿನಾಗ ದೆವ್ವ ಐತಿ’ ಎಂಬ ನಂಬಿಕೆ ಎಲ್ಲಿಂದ ಹುಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ತೆರೆದ ಬಾಯಿಯಿಂದ ಅದು ಮೇಲೆದ್ದು ಹೋಗುವುದಿಲ್ಲ, ತಳದಲ್ಲಿ ಕೂತಿರುತ್ತದೆ.

ಅದಕ್ಕಾಗಿ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಈ ಪರೀಕ್ಷೆಯಲ್ಲಿ ವಿವೇಕವಿದೆ. ಆಮ್ಲಜನಕ ಶೇ 16ರ ಹತ್ತಿರ ಬಂದಾಗ ಸಾಮಾನ್ಯ ದೀಪ ಆರುತ್ತದೆ, ಮನುಷ್ಯ ಪ್ರಜ್ಞೆ ತಪ್ಪುವುದು ಅದಕ್ಕಿಂತ ಸಾಕಷ್ಟು ಕೆಳಗೆ. ಆದರೆ ದೀಪ ಹೇಳುವುದು ತಾನು ಮುಟ್ಟಿದ ಜಾಗದ ಸುದ್ದಿಯನ್ನು ಮಾತ್ರ. ಕಾಳಿನ ನಡುವಿನ ಗಾಳಿ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಸಲಿಕೆ ಹಾಕಿ ಕೆದರಿದಾಗ ಹೊರಬರುತ್ತದೆ. ಹಾಗಾಗಿ ದೀಪ ಉರಿಯಿತು ಎಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ.

ಇಂದು ಹಳೆಯ ಹಗೇವನ್ನು ನೋಡಲೋ ತೋರಿಸಲೋ ತೆರೆಯುವವರು, ಬಾವಿ, ಮಲದ ಗುಂಡಿ, ನೀರಿನ ಸಂಪು ಇಳಿಯುವವರು ಇದನ್ನೇ ನೆನಪಿಡಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರು ಬರಿಗೈಯಲ್ಲಿ ಇಳಿಯಬಾರದು. ಅಗ್ನಿಶಾಮಕ ದಳವನ್ನೇ ಕರೆಯಬೇಕು.

ಹೊಸ ಅಪಾಯವೊಂದು ಇದಕ್ಕೆ ಸೇರಿಕೊಂಡಿದೆ. ಕಾಳಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. 3 ಗ್ರಾಂನ ಒಂದು ಗುಳಿಗೆ ಗಾಳಿಯ ತೇವ ಹೀರಿ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಗೋದಾಮುಗಳಲ್ಲಿ, ತರಬೇತಿ ಪಡೆದವರು, ಮೊಹರು ಮಾಡಿದ ಹೊದಿಕೆಯೊಳಗೆ ಬಳಸಬೇಕಾದ ವಸ್ತು ಇದು. ನಮ್ಮ ದೇಶದಲ್ಲಿ ಇದರ ಮಾರಾಟಕ್ಕೆ ನಿರ್ಬಂಧವಿದೆ. ಆದರೂ ‘ಕಾಳಿನ ಗುಳಿಗಿ’ ಎಂದು ಚೀಟಿ ಕಟ್ಟಿ ಕೊಡುವ ಅಂಗಡಿಗಳಿವೆ. ಮಲಗುವ ಕೋಣೆಯಲ್ಲಿ ಚೀಲಗಳಿದ್ದು, ಅದರಲ್ಲಿ ಗುಳಿಗೆ ಇಟ್ಟರೆ ರಾತ್ರಿ ಅದೇ ಗಾಳಿಯನ್ನು ಮಕ್ಕಳು ಉಸಿರಾಡುತ್ತಾರೆ. ಫಾಸ್ಫೀನ್‌ಗೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿಯಂಥ ವಾಸನೆ ಬಂದರೆ ತಿಳಿಯುತ್ತದೆ ಎಂದು ನಂಬುವಂತಿಲ್ಲ, ಏಕೆಂದರೆ ವಾಸನೆ ಎಲ್ಲರಿಗೂ ಎಲ್ಲ ಸಲವೂ ಬರುವುದಿಲ್ಲ. ಹಗೇವಿನ ದೀಪವೂ ಈ ಅನಿಲದ ಸುದ್ದಿ ಹೇಳಲಾರದು. ಮನೆಯಲ್ಲಿ ಇದಕ್ಕೆ ಜಾಗವೇ ಇಲ್ಲ, ಎಷ್ಟು ಕಡಿಮೆ ಹಾಕಿದರೂ ಅಷ್ಟೇ.

ಪಾದರಸದ ಗುಳಿಗೆಯದ್ದೂ ಅದೇ ಹಾದಿ. ‘ಆಯುರ್ವೇದಿಕ್, ವಿಷ ಅಲ್ಲ’ ಎಂದು ಮಾರುತ್ತಾರೆ. ಪಾದರಸ ಮನೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ, ಆ ಆವಿಯೇ ಹುಳದ ಮೊಟ್ಟೆಯನ್ನು ಕೊಲ್ಲುವುದು. ಡಬ್ಬಿ ತೆರೆದಾಗ ನಮ್ಮ ಮೂಗಿಗೆ ಹೋಗುವುದೂ ಅದೇ. ದೇಹದಲ್ಲಿ ಸೇರಿಕೊಂಡು ನರಗಳನ್ನು ಕಾಡುತ್ತದೆ.

ಬೇವು, ಬೂದಿ, ಹರಳೆಣ್ಣೆ: ಯಾವುದು ನಿಜ?

ಬೇವಿನ ಎಲೆಗೆ ಅಲ್ಪಸ್ವಲ್ಪ ಗುಣವಿದೆ. ಹುಳವನ್ನು ತಡೆಯುವ ಅಜಾಡಿರಾಕ್ಟಿನ್ ಹೆಚ್ಚಾಗಿರುವುದು ಬೀಜದ ತಿರುಳಿನಲ್ಲಿ, ಎಲೆಯಲ್ಲಲ್ಲ. ಹಸಿ ಎಲೆ ಹಾಕಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ, ಅದರ ನೀರು ಕಾಳಿಗೆ ಇಳಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿದರೆ ಕೆಡುಕಿಲ್ಲ, ಆದರೆ ಅದನ್ನೇ ನೆಚ್ಚಬೇಡಿ.

ಬೂದಿ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಅದೂ ವಿಷದಿಂದಲ್ಲ. ನಯವಾದ ಒಣಬೂದಿ ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುತ್ತದೆ, ಹುಳ ನೀರು ಕಳೆದುಕೊಂಡು ಒಣಗಿ ಸಾಯುತ್ತದೆ. ಕಾಳಿನ ನಡುವಿನ ಸಂದುಗಳೂ ತುಂಬುವುದರಿಂದ ಅದಕ್ಕೆ ಓಡಾಡಲು ದಾರಿಯಿರುವುದಿಲ್ಲ. ಹೆಸರು, ಅಲಸಂದಿ, ತೊಗರಿಯಂಥ ಇಡಿಗಾಳಿಗೆ ಎಣ್ಣೆ ಸವರುವುದೂ ಪರೀಕ್ಷೆಯಲ್ಲಿ ಗೆದ್ದ ಉಪಾಯ. ಕಿಲೋಗೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ಸಾಕು. ಕಾಳಿನ ಮೇಲಿಟ್ಟ ಮೊಟ್ಟೆಗೆ ಗಾಳಿ ತಲುಪದೆ ಅದು ಒಡೆಯುವುದಿಲ್ಲ. ಬೇಸಿಗೆಯ ಬಿಸಿಲಲ್ಲಿ ತೆಳುವಾಗಿ ಹರಡುವುದು ಎಲ್ಲಕ್ಕಿಂತ ಅಗ್ಗ. ಕಾಳು 50 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾದರೆ ಒಳಗಿನ ಮೊಟ್ಟೆ, ಮರಿ ಎರಡೂ ಉಳಿಯುವುದಿಲ್ಲ. ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಹಲ್ಲಲ್ಲಿ ಕಡಿದು ‘ಕಟ್’ ಎಂಬ ಸದ್ದು ಕೇಳುವುದು ಹಳೆಯ ಕ್ರಮ. ಇನ್ನೊಂದಿದೆ. ಒಣ ಗಾಜಿನ ಬಾಟಲಿಗೆ ಅರ್ಧದಷ್ಟು ಕಾಳು, ಎರಡು ಚಮಚ ಹುರಿದು ಆರಿಸಿದ ಉಪ್ಪು ಹಾಕಿ ಕೆಲವು ನಿಮಿಷ ಕುಲುಕಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಇನ್ನೊಂದೆರಡು ದಿನ ಒಣಗಿಸುವುದು ಒಳ್ಳೆಯದು, ನಮಗೆ ಬೇಕಿರುವುದು 12.

ಈಗ ಮಾರುಕಟ್ಟೆಯಲ್ಲಿ ಗಾಳಿಯಾಡದ ಪದರದ ಚೀಲಗಳು ಸಿಗುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಕ್ಯಾಮರೂನಿನ ಅಲಸಂದಿ ಬೆಳೆಗಾರರಿಗಾಗಿ ಇಂಥದ್ದೊಂದನ್ನು ರೂಪಿಸಿದ್ದರು. ಕೆಲಸ ಮಾಡುವ ಬಗೆ ಹಗೇವಿನದ್ದೇ. ಚೀಲ ಇಲ್ಲದವರು ಬಿಗಿ ಮುಚ್ಚಳದ ಸ್ಟೀಲ್ ಪೀಪಾಯಿಯನ್ನು ಕಂಠದವರೆಗೆ ತುಂಬಿದರೂ ನಡೆಯುತ್ತದೆ. ಕಂಠದವರೆಗೆ ಎನ್ನುವುದು ಮುಖ್ಯ, ಅರ್ಧ ಖಾಲಿ ಪೀಪಾಯಿಯಲ್ಲಿ ಹುಳಕ್ಕೆ ತಿಂಗಳುಗಟ್ಟಲೆ ಸಾಲುವಷ್ಟು ಗಾಳಿ ಇರುತ್ತದೆ.

ತೇವದ ಆಹಾರಕ್ಕೆ ಈ ಲೆಕ್ಕ ತಿರುಗುಮುರುಗು

‘ಗಾಳಿ ತೆಗೆದರೆ ಏನೂ ಕೆಡುವುದಿಲ್ಲ’ ಎಂಬ ಮಾತು ಈಚೆಗೆ ವಿಡಿಯೊಗಳಿಂದ ಹರಡಿದೆ. ಬೇಯಿಸಿದ ಪಲ್ಯ, ಸಿಪ್ಪೆ ಬಿಡಿಸಿದ ಬೆಳ್ಳುಳ್ಳಿ ಎಣ್ಣೆಯಲ್ಲಿ, ಸಾರು, ಮಾಂಸ ಇವನ್ನೆಲ್ಲ ಬಾಟಲಿಗೆ ತುಂಬಿ ಗಾಳಿ ಹೀರಿ ಕಪಾಟಿನಲ್ಲಿಡುತ್ತಾರೆ. ಒಣಕಾಳಿಗೆ ವರವಾದ ಗಾಳಿಯಿಲ್ಲದ ಸ್ಥಿತಿ ಇಲ್ಲಿ ಶಾಪ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದಲ್ಲೇ ಬೆಳೆಯುತ್ತದೆ. ಅದರ ಬೀಜಕಗಳು ಮಣ್ಣಿನಲ್ಲಿ ಎಲ್ಲೆಲ್ಲೂ ಇವೆ, ನೀರು ಕುದಿಯುವ ಶಾಖಕ್ಕೆ ಸಾಯುವುದಿಲ್ಲ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡದಲ್ಲಿ ನೀರು 100 ಡಿಗ್ರಿಗೂ ಮೊದಲೇ, 97–98ರ ಹತ್ತಿರ ಕುದಿಯುತ್ತದೆ ಎಂಬುದೂ ಲೆಕ್ಕಕ್ಕಿರಲಿ. ಬೀಜಕ ಸಾಯಲು 121 ಡಿಗ್ರಿ, ಒತ್ತಡದಲ್ಲಿ, ಬಾಟಲಿಯ ನಟ್ಟನಡುವೆಗೂ ತಲುಪಬೇಕು. ಅದರ ವಿಷ ನರಗಳನ್ನು ಸ್ತಬ್ಧಗೊಳಿಸುತ್ತದೆ, ಆಹಾರದ ರುಚಿ ವಾಸನೆಯಲ್ಲಿ ಬದಲಾವಣೆ ಕಾಣದೆಯೂ ಇರಬಹುದು.

ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ ಸಿದ್ಧ ಊಟದ ಪೊಟ್ಟಣಗಳು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುವುದು ಈ ಶಾಖವನ್ನು ಅಳೆದು ಕೊಡುವುದರಿಂದ. ಅಡುಗೆಮನೆಯ ಕುಕ್ಕರಿನಲ್ಲಿ ಅದನ್ನು ಅಳೆಯಲು ನಮಗೆ ದಾರಿಯಿಲ್ಲ.

ಹಾಗಾದರೆ ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿ? ಅದಕ್ಕೆ ಭಯವಿಲ್ಲ. ಹುಳಿ ಮತ್ತು ಉಪ್ಪು ಎರಡೂ ಅದನ್ನು ಕಾಯುತ್ತವೆ. ಪಿಎಚ್ 4.6ಕ್ಕಿಂತ ಕೆಳಗೆ ಈ ಬ್ಯಾಕ್ಟೀರಿಯಾ ಬೆಳೆಯದು. ಹೃದಯಕ್ಕೆ ಒಳ್ಳೆಯದೆಂದು ಉಪ್ಪು ಅರ್ಧಕ್ಕಿಳಿಸಿ, ಹುಳಿ ಇಲ್ಲದ ತರಕಾರಿಯನ್ನು ಎಣ್ಣೆಯಲ್ಲಿ ಮುಳುಗಿಸುವ ‘ಹೆಲ್ದಿ’ ಉಪ್ಪಿನಕಾಯಿಯ ಮೇಲೆ ಮಾತ್ರ ನಮಗೆ ವಿಶ್ವಾಸವಿಲ್ಲ. ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ರೊಟ್ಟಿಯ ಗಂಟು

2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಉಕ್ಕಿ ಉತ್ತರ ಕರ್ನಾಟಕದ ಹಳ್ಳಿಗಳು ಮುಳುಗಿದಾಗ ಊರೂರುಗಳಿಂದ ಹೊರಟಿದ್ದು ಖಡಕ್ ರೊಟ್ಟಿಯ ಗಂಟುಗಳು, ಜೊತೆಗೆ ಶೇಂಗಾ ಚಟ್ನಿ. ಆಪತ್ತಿನ ಆಹಾರಕ್ಕೆ ಬೇಕಾದ ಗುಣಗಳೆಲ್ಲ ಇದಕ್ಕಿವೆ: ಒಲೆ ಬೇಡ, ನೀರು ಬೇಡ, ಹಗುರ. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ ಆಮೇಲೆ ಕೆಂಡದ ಬಳಿ ಆನಿಸಿ ಒಣಗಿಸುವಾಗ ನೀರು ಪೂರ್ತಿ ಹೋಗುತ್ತದೆ, ಬೂಸ್ಟಿಗೆ ಏನೂ ಉಳಿಯದು. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಮತ್ತೆ ಹಂಚಿಗೆ ಹಾಕಿ. ಬೂಸ್ಟಿನ ಚುಕ್ಕೆ ಕಂಡರೆ ಆ ರೊಟ್ಟಿಯನ್ನೇ ಬಿಸಾಡಿ, ಚುಕ್ಕೆ ಮುರಿದು ತಿನ್ನಬೇಡಿ.

ಚಟ್ನಿಗಳ ಕಥೆ ಬೇರೆ. ಶೇಂಗಾ, ಗುರೆಳ್ಳು, ಅಗಸಿ ಮೂರರಲ್ಲೂ ಎಣ್ಣೆಯಿದೆ. ಪುಡಿ ಮಾಡಿದಾಗ ಎಣ್ಣೆ ಗಾಳಿಗೆ ತೆರೆದುಕೊಂಡು ಕಮಟುತ್ತದೆ. ಅಗಸಿ ಎಲ್ಲಕ್ಕಿಂತ ಬೇಗ. ಆದ್ದರಿಂದ ಬೀಜವನ್ನು ಇಡಿಯಾಗಿಟ್ಟು, ಚಟ್ನಿಯನ್ನು ಆಗಾಗ ಸ್ವಲ್ಪವೇ ಕುಟ್ಟುವುದು ಜಾಣತನ. ಜೋಳದ ಹಿಟ್ಟಿಗೂ ಇದೇ ನಿಯಮ: ಎರಡು ಮೂರು ವಾರಕ್ಕೆ ಕಹಿಯಾಗುತ್ತ, ಜಿಗಿ ಕಳೆದುಕೊಂಡು ರೊಟ್ಟಿ ಹರಿಯುತ್ತದೆ. ಸಜ್ಜೆ ಹಿಟ್ಟು ಇನ್ನೂ ಬೇಗ. ಕಾಳನ್ನು ಇಡಿ, ಹಿಟ್ಟನ್ನಲ್ಲ. ಆದರೆ ಕರೆಂಟಿಲ್ಲದ ದಿನ ಗಿರಣಿಯೂ ಇಲ್ಲ. ಅದಕ್ಕೆಂದೇ ಒಂದು ಪಾಲು ಅಕ್ಕಿ, ಒಂದು ಡಬ್ಬಿ ರೊಟ್ಟಿ ಇರಲಿ.

ಮುಗ್ಗಿದ ಕಾಳನ್ನು ‘ತೊಳೆದು ಒಣಗಿಸಿದರೆ ಆಯಿತು’ ಎನ್ನುವುದು ಅತಿ ಅಪಾಯದ ನಂಬಿಕೆ. 1995ರಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟು ಹಿಡಿದ ಜೋಳ, ಗೋವಿನಜೋಳ ತಿಂದು ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಸಿಕ್ಕಿದ್ದು ಫ್ಯುಮೋನಿಸಿನ್ ಎಂಬ ಬೂಸ್ಟಿನ ವಿಷ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಗೋವಿನಜೋಳದ ಅಫ್ಲಾಟಾಕ್ಸಿನ್ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಈ ವಿಷಗಳು ತೊಳೆದರೆ ಪೂರ್ತಿ ಹೋಗವು, ಬೇಯಿಸಿದರೂ ಹುರಿದರೂ ಹೋಗವು. ಸುಕ್ಕಾದ, ಬಣ್ಣಗೆಟ್ಟ, ಕಹಿ ಶೇಂಗಾ ಬೀಜವನ್ನು ನಮ್ಮ ಹೆಂಗಸರು ಮೊರದಲ್ಲಿ ಆರಿಸಿ ತೆಗೆಯುವುದು ರುಚಿಗಾಗಿ ಮಾತ್ರವಲ್ಲ.

ನಾಲ್ಕು ಜನ, ಹದಿನಾಲ್ಕು ದಿನ

ಆಪತ್ತಿನಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲರಿ ಎಂಬುದು ಪರಿಹಾರ ಸಂಸ್ಥೆಗಳು ಹಿಡಿಯುವ ಸರಾಸರಿ. ನಮ್ಮ ಊಟಕ್ಕೆ ಅದನ್ನು ಇಳಿಸಿದರೆ: ಜೋಳ ಅಥವಾ ಅಕ್ಕಿ 400 ಗ್ರಾಂ, ಬೇಳೆ 60, ಎಣ್ಣೆ 25, ಶೇಂಗಾ 30, ಬೆಲ್ಲ 30. ನಾಲ್ಕು ಜನರ ಮನೆಗೆ ಎರಡು ವಾರಕ್ಕೆ ಧಾನ್ಯ ಇಪ್ಪತ್ತೆರಡೂವರೆ ಕಿಲೋ, ಬೇಳೆ ಸುಮಾರು ಮೂರೂವರೆ ಕಿಲೋ, ಎಣ್ಣೆ ಒಂದೂವರೆ ಲೀಟರ್, ಶೇಂಗಾ ಮತ್ತು ಬೆಲ್ಲ ಒಂದು ಮುಕ್ಕಾಲು ಕಿಲೋದಂತೆ. ಇಷ್ಟೇ. ಎರಡು ಪೀಪಾಯಿಯಲ್ಲಿ ಹಿಡಿಸುತ್ತದೆ. ಸಕ್ಕರೆ ಕಾಯಿಲೆಯವರು, ಕೂಸುಗಳು, ಔಷಧಿ ನಡೆಯುತ್ತಿರುವವರು ಇರುವ ಮನೆ ಅವರ ಅಗತ್ಯವನ್ನು ಬೇರೆಯಾಗಿ ಸೇರಿಸಬೇಕು. ನೀರು ಕೂಡಿಡುವುದನ್ನು ಮಾತ್ರ ಹುಬ್ಬಳ್ಳಿ–ಧಾರವಾಡದವರಿಗೆ ಯಾರೂ ಕಲಿಸಬೇಕಿಲ್ಲ, ನಳ ಬರುವ ದಿನ ಎಣಿಸಿ ಎಣಿಸಿ ಅದರಲ್ಲಿ ನಾವು ಪಳಗಿದ್ದೇವೆ.

ವರ್ಷಗಟ್ಟಲೆಗೆ ಕೂಡಿಡುವ ಹಂಬಲ ಬೇಡ. ಹಳೆಯ ಬೇಳೆ ಕೆಡದಿದ್ದರೂ ಗಟ್ಟಿಯಾಗಿ ಬೇಯುವುದಿಲ್ಲ, ಗ್ಯಾಸ್ ಕಡಿಮೆ ಇರುವ ದಿನ ಅದೊಂದು ತೊಂದರೆ. ಡಬ್ಬಿಯ ಮೇಲೆ ತುಂಬಿದ ತಿಂಗಳು ಬರೆದು ಅಂಟಿಸಿ, ಹಳೆಯದನ್ನು ಮೊದಲು ಬಳಸಿ, ಖಾಲಿಯಾದಷ್ಟನ್ನು ಮತ್ತೆ ತುಂಬಿ. ಯುಗಾದಿಯ ಹೊತ್ತಿಗೆ ಹೊಸ ಜೋಳ ಪೇಟೆಗೆ ಬರುತ್ತದೆ, ವರ್ಷದಲ್ಲಿ ಅತಿ ಒಣಗಿದ ಕಾಳು ಸಿಗುವುದು ಆಗಲೇ.

ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ದಂಡೆಯವರಿಗೆ ಇನ್ನೊಂದು ಮಾತು. ಹೆಸರು ಎಷ್ಟೇ ಸವಿಯಾಗಿದ್ದರೂ ಆ ಹಳ್ಳಗಳು ರಾತ್ರೋರಾತ್ರಿ ಏರುತ್ತವೆ. ಡಬ್ಬಿಗಳನ್ನು ಅಟ್ಟದ ಮೇಲಿಡಿ. ನೆರೆನೀರು ಹೊಕ್ಕ ಚೀಲದ ಕಾಳನ್ನು ಒಣಗಿಸಿ ದನಕ್ಕೂ ಹಾಕಬೇಡಿ. ಕೆಸರು, ಚರಂಡಿ ಎರಡೂ ಅದರೊಳಗಿರುತ್ತವೆ, ಬೂಸ್ಟು ಎರಡೇ ದಿನದಲ್ಲಿ ಏಳುತ್ತದೆ. ಕಾರ್ಖಾನೆಯಲ್ಲಿ ಮೊಹರಾದ ತವರದ ಡಬ್ಬಿ ನಗ್ಗದೆ, ಉಬ್ಬದೆ, ತುಕ್ಕು ಹಿಡಿಯದೆ ಇದ್ದರೆ ಮಾತ್ರ ಸೋಪಿನಿಂದ ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಒರೆಸಿ ಬಳಸಬಹುದು. ತಿರುಗಣೆ ಮುಚ್ಚಳದ ಬಾಟಲಿ ಮುಳುಗಿದ್ದರೆ ಅದನ್ನೂ ಚೆಲ್ಲಿ, ಸುರುಳಿಯ ಸಂದಿನಲ್ಲಿ ಕೂತ ನೀರನ್ನು ತೊಳೆದು ತೆಗೆಯಲು ಆಗುವುದಿಲ್ಲ.